ಓಡು ಒಡೆದದ್ದು ಯಾರ ತಪ್ಪು?

ನಮ್ಮ ದಕ್ಷಿಣ ಕನ್ನಡದಲ್ಲಿ ಓಡು ಅಂದರೆ ದೋಸೆ ಸುಡುವ ಮಣ್ಣಿನ ಬಾಣಲೆ. ಬೆಳ್ತಿಗೆ ಅಕ್ಕಿ, ತೆಂಗಿನಕಾಯಿ, ಸ್ವಲ್ಪ ಅನ್ನ ಸೇರಿಸಿ ರುಬ್ಬಿದ ಹಿಟ್ಟನ್ನು ಕಾದ ಓಡಿಗೆ ಹೊಯ್ದು ಮುಚ್ಚಳ ಮುಚ್ಚಿದರೆ, ಮೈತುಂಬ ತೂತಿನ ಮೆತ್ತನೆಯ ಓಡುದೋಸೆ ಸಿದ್ಧ. ಮಗುಚುವ ಕೆಲಸವೂ ಇಲ್ಲ.

ನಮ್ಮ ಅಜ್ಜಿಯ ಓಡು ನನಗಿಂತ ಹಳೆಯದು. ಒಳಗೆಲ್ಲ ಕಪ್ಪಾಗಿ, ನಯವಾಗಿ ಹೊಳೆಯುತ್ತಿತ್ತು. ಕಳೆದ ದೀಪಾವಳಿಗೆ ಊರಿಗೆ ಬಂದಾಗ ಸಹಾಯ ಮಾಡಲು ಹೋಗಿ, ಒಲೆಯಿಂದ ಇಳಿಸಿದ ಬಿಸಿ ಓಡನ್ನು ನಳ್ಳಿಯ ಕೆಳಗೆ ಹಿಡಿದೆ. ಎರಡು ಹೋಳಾಯಿತು. ಅಜ್ಜಿ ಬೈಯಲಿಲ್ಲ. "ಹೋಗ್ಲಿ ಬಿಡು" ಅಂದರು. ಆದರೆ ಮತ್ತೆ ಓಡುದೋಸೆಯ ಮಾತೇ ಎತ್ತಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಸಂತೆಗೆ ಹೋಗಿ ಹೊಸ ಓಡು ತಂದೆ. ಅಜ್ಜಿಗೆ ಗೊತ್ತಾಗದಂತೆ ಬೆಳಿಗ್ಗೆ ಬೇಗ ಎದ್ದು, ತೊಳೆದು, ಹಸಿಹಸಿಯಾಗಿಯೇ ದೊಡ್ಡ ಉರಿಯ ಮೇಲಿಟ್ಟೆ. ಐದೇ ನಿಮಿಷ, 'ಟಪ್' ಎಂದು ಸೀಳು ಬಿಟ್ಟಿತು.

ಸಿಟ್ಟು ನೆತ್ತಿಗೇರಿತು. ಮುಂದಿನ ಸಂತೆಯಲ್ಲಿ ಒಡೆದ ಓಡನ್ನು ಆ ಕುಂಬಾರ ಅಜ್ಜನ ಮುಂದಿಟ್ಟು, ನಾಲ್ಕು ಜನ ಕೇಳುವಂತೆ ಕೂಗಾಡಿದೆ. ಅವರು ಕೇಳಿದ್ದು ಒಂದೇ ಮಾತು: "ಪಳಗಿಸಿದ್ಯಾ ಮಗಾ?" ನನಗದು ನುಣುಚಿಕೊಳ್ಳುವ ಮಾತು ಅನ್ನಿಸಿತು. ಅವರು ಸುಮ್ಮನೆ ದುಡ್ಡು ವಾಪಸ್ ಕೊಟ್ಟರು. ಗೆದ್ದವನಂತೆ ಮನೆಗೆ ಬಂದೆ.

ಅಜ್ಜಿಯೂ ಕೇಳಿದ್ದು ಅದನ್ನೇ. "ಪಳಗಿಸದೆ ಒಲೆ ಮೇಲೆ ಇಟ್ಟದ್ದಾ? ಅವರದ್ದೆಂತ ತಪ್ಪು ಮಾರಾಯ?"

ಆಮೇಲೆ ಅಜ್ಜಿ ಬಿಡಿಸಿ ಹೇಳಿದರು. ಮಣ್ಣಿನ ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿರುತ್ತವೆ. ಅದರಲ್ಲಿ ಕೂತ ನೀರು ದೊಡ್ಡ ಉರಿಗೆ ಒಮ್ಮೆಲೇ ಆವಿಯಾದರೆ ಮಣ್ಣು ತಡೆಯುವುದಿಲ್ಲ. ಅದಕ್ಕೇ ಹೊಸ ಓಡನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ನೆರಳಲ್ಲಿ ಪೂರ್ತಿ ಒಣಗಿಸಬೇಕು. ಅನ್ನ ಬಸಿದ ಗಂಜಿ ತಿಳಿ ತುಂಬಿ ಸಣ್ಣ ಉರಿಯಲ್ಲಿ ಕುದಿಸಬೇಕು. ಗಂಜಿ ಆ ರಂಧ್ರಗಳನ್ನು ಮುಚ್ಚುತ್ತದೆ. ತಾನಾಗಿ ತಣಿದ ಮೇಲೆ ತೊಳೆದು ಒಣಗಿಸಿ, ತೆಂಗಿನೆಣ್ಣೆ ಹಚ್ಚಿ ಮತ್ತೆ ಸಣ್ಣ ಉರಿ. ಎಣ್ಣೆ ತೆಳುವಾಗಿರಬೇಕು. ಜಾಸ್ತಿಯಾದರೆ ಅಂಟಂಟಾಗಿ ಕಮಟು ವಾಸನೆ ಬರುತ್ತದೆ. ಹೀಗೆ ಮೂರು ದಿನ. ದೋಸೆ ಹೊಯ್ಯುವ ಮುನ್ನ ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಒಮ್ಮೆ ಉಜ್ಜಿದರೆ ಸಾಕು. ಸೋಪು ಮುಟ್ಟಿಸಬಾರದು, ಮಣ್ಣು ಅದನ್ನೂ ಕುಡಿಯುತ್ತದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಸುದ್ದಿ ಬರೆಯುವ ಮೊದಲು ಎರಡೂ ಕಡೆ ಕೇಳಬೇಕೆಂದು ಎರಡು ವರ್ಷ ತರಗತಿಯಲ್ಲಿ ಕಲಿತವನು ನಾನು. ಇಲ್ಲಿ ಎದುರಿನವರು ಪ್ರಶ್ನೆ ಕೇಳಿದರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಮತ್ತೊಂದು ಸಂತೆಗೆ ಹೋಗಿ ಕುಂಬಾರ ಅಜ್ಜನ ಕ್ಷಮೆ ಕೇಳಿದೆ. ಕೂಗಿದಷ್ಟು ದೊಡ್ಡ ದನಿ ಮಾತ್ರ ಬರಲಿಲ್ಲ. ಹಳೆಯ ದುಡ್ಡು ತೆಗೆದುಕೊಳ್ಳಲು ಅವರು ಒಪ್ಪಲಿಲ್ಲ. "ಹೊಸ ಓಡು ಕೊಂಡುಹೋಗು, ಸಾಕು" ಅಂದರು. ಕೊಂಡೆ. ಅಜ್ಜಿ ಮಣೆ ಹಾಕಿ ಕೂತು ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ.

ನಾಲ್ಕನೇ ದಿನದ ಮೊದಲ ಮೂರು ದೋಸೆ ಅಂಟಿಕೊಂಡು ಕೋಳಿಗಳ ಪಾಲಾಯಿತು. ನಾಲ್ಕನೆಯದು ತಾನಾಗಿ ಎದ್ದು ಬಂತು. ಅಜ್ಜಿ ಬೆಲ್ಲ ಹಾಕಿದ ಕಾಯಿಹಾಲಿನಲ್ಲಿ ಅದ್ದಿ ತಿಂದು, "ಇನ್ನೊಂದು ಹೊಯ್ಯಿ" ಅಂದರು.

ಓಡು ಇನ್ನೂ ಕೆಂಪಗೇ ಇದೆ. ಅಜ್ಜಿಯ ಓಡಿನಷ್ಟು ಕಪ್ಪಾಗಲು ವರ್ಷಗಳು ಬೇಕು. ನಾನೂ ಅಷ್ಟೇ, ಇನ್ನೂ ಪಳಗಬೇಕು.