ಅಗ್ಗದ ಅಶರೀರವಾಣಿ

ಫೋನಿನಲ್ಲಿ ಮಾತಾಡಲು ದುಡ್ಡು ಸುರಿಯುವುದು ನಮ್ಮ ಮನೆತನದಲ್ಲಿ ದುಶ್ಚಟಗಳ ಸಾಲಿಗೆ ಸೇರಿದ್ದು. ಇಸ್ಪೀಟಿಗೆ ಹಾಕಿದ ದುಡ್ಡಾದರೂ ಒಮ್ಮೊಮ್ಮೆ ವಾಪಸ್ಸು ಬಂದೀತು, ಆಡಿದ ಮಾತು ಬಂದೀತೇ ಎಂಬುದು ನಮ್ಮಪ್ಪನ ವಾದ. ಟ್ರಂಕ್ ಕಾಲ್‌ಗಳ ಕಾಲದಲ್ಲಿ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳಿದ್ದವು. ಲೈಟ್ನಿಂಗ್‌ಗೆ ಮಾಮೂಲಿಯ ಎಂಟು ಪಟ್ಟು ದರ. ನಮ್ಮವರು ಸಾವಿನ ಸುದ್ದಿಯನ್ನೂ ಆರ್ಡಿನರಿಯಲ್ಲೇ ತಿಳಿಸುತ್ತಿದ್ದರು. "ಹೋದವರಿಗೇ ಇನ್ನು ಅವಸರವಿಲ್ಲ, ನಿಮಗ್ಯಾಕ್ರಪ್ಪಾ" ಎನ್ನುತ್ತಿದ್ದರು ಅಪ್ಪ. ಎಸ್‌ಟಿಡಿ ಬೂತುಗಳು ಬಂದ ಮೇಲೆ ನಮ್ಮ ಕುಟುಂಬದ ಪ್ರೀತಿ ವಿಶ್ವಾಸವೆಲ್ಲ ರಾತ್ರಿ ಹನ್ನೊಂದರ ನಂತರ ಕಾಲು ದರದಲ್ಲಿ ಹರಿಯತೊಡಗಿತು. ಮೊಬೈಲು ಬಂದಾಗಲಂತೂ ಅದಕ್ಕೂ ಖರ್ಚಿಲ್ಲದ ಮಾರ್ಗ ಸಿಕ್ಕಿತು. ಒಂದು ರಿಂಗ್ ಕೊಟ್ಟು ಕತ್ತರಿಸಿದರೆ ಬಸ್ಸು ಹತ್ತಿದೆ ಎಂದರ್ಥ, ಎರಡು ಕೊಟ್ಟರೆ ತಲುಪಿದೆ ಎಂದರ್ಥ. ಮೂರನೆಯ ರಿಂಗ್‌ಗೆ ಯಾರಾದರೂ ಎತ್ತಿಬಿಟ್ಟರೆ ಆ ಕಡೆಯವರಿಗೆ ಕೋಪ ಬರುತ್ತಿತ್ತು.

ಇಂಥ ವಂಶದಲ್ಲಿ ಹುಟ್ಟಿದ ನಾನು ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಸೆಟಿಲೈಟ್ ಫೋನು ಹುಡುಕಿಕೊಂಡು ಹೊರಟೆ. ಕಾರಣ, ಬರ್ಡ್ಸ್‌ವಿಲ್ ಟ್ರ್ಯಾಕ್. ಮಾರಿ ಎಂಬ ಪುಟ್ಟ ಊರಿನಿಂದ ಕ್ವೀನ್ಸ್‌ಲ್ಯಾಂಡಿನ ಬರ್ಡ್ಸ್‌ವಿಲ್‌ವರೆಗೆ 517 ಕಿಲೋಮೀಟರ್ ಉದ್ದದ ಮಣ್ಣು ರಸ್ತೆ ಅದು. ಹಿಂದೆ ದನದ ಮಂದೆಗಳನ್ನು ರೈಲಿಗೆ ಹೊಡೆದುಕೊಂಡು ಬರುತ್ತಿದ್ದ ದಾರಿ. ನಡುವೆ ಕಲ್ಲು ಹರಡಿದ ಬಯಲು, ಮರಳ ದಿಬ್ಬ, ಎಲ್ಲೋ ಒಂದು ಹೋಟೆಲು. ಮೊಬೈಲಿನ ಕಡ್ಡಿಗಳು ಮಾರಿ ಬಿಟ್ಟ ಸ್ವಲ್ಪ ಹೊತ್ತಿಗೇ ಮಾಯವಾಗುತ್ತವೆ. ಗೆಳೆಯರೆಲ್ಲ ಸೇರಿ ಚಳಿಗಾಲದಲ್ಲಿ ಹೋಗೋಣವೆಂದು ಮಾತಾಯಿತು. ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಬೇಡ ಎನ್ನಲಿಲ್ಲ. "ಹೋಗಿ ಬನ್ನಿ. ಆದ್ರೆ ದಿನಾ ರಾತ್ರಿ ನೀವು ಬದುಕಿದ್ದೀರಿ ಅಂತ ನಂಗೆ ಗೊತ್ತಾಗ್ಬೇಕು ಕಣ್ರೀ, ಅಷ್ಟೇ" ಎಂದಳು. ಅಷ್ಟೇ ಎಂಬುದಕ್ಕೆ ಎಷ್ಟು ಬೆಲೆ ಎಂದು ವಿಚಾರಿಸಿದರೆ, ಹೊಸ ಫೋನಿಗೆ ಸಾವಿರ ಡಾಲರಿನ ಮೇಲೆ.

ಅವಳು ಕೇಳಿದ್ದರಲ್ಲಿ ಅತಿಶಯವೇನೂ ಇರಲಿಲ್ಲ. ಆ ಸೀಮೆಯ ಚರಿತ್ರೆಯಲ್ಲಿ ಸುದ್ದಿ ಮುಟ್ಟದೆ ಸತ್ತವರು ಬಹಳ. ಬರ್ಕ್ ಮತ್ತು ವಿಲ್ಸ್ ಎಂಬಿಬ್ಬರ ತಂಡ ಖಂಡವನ್ನು ತೆಂಕಣದಿಂದ ಬಡಗಣಕ್ಕೆ ದಾಟಿ, ಹಸಿದು ಹೈರಾಣಾಗಿ, 1861ರ ಏಪ್ರಿಲ್ 21ರ ಸಂಜೆ ಕೂಪರ್ ಕ್ರೀಕಿನ ಬಿಡಾರಕ್ಕೆ ಹಿಂದಿರುಗಿತು. ತಿಂಗಳುಗಟ್ಟಲೆ ಅಲ್ಲಿ ಕಾದಿದ್ದ ಜೊತೆಗಾರರು ಅದೇ ದಿನ ಬೆಳಿಗ್ಗೆ ಜಾಗ ಖಾಲಿ ಮಾಡಿದ್ದರು. ಇಲ್ಲಿ ಅಗೆಯಿರಿ ಎಂದು ಮರದ ತೊಗಟೆಯಲ್ಲಿ ಕೆತ್ತಿ, ಬುಡದಲ್ಲಿ ಒಂದಿಷ್ಟು ಆಹಾರ ಹೂತಿಟ್ಟು ಹೋಗಿದ್ದರು. ನಾಯಕರಿಬ್ಬರೂ ಆ ಹೊಳೆಯ ದಂಡೆಯಲ್ಲೇ ತೀರಿಕೊಂಡರು. ಬೆಳಗಿಗೂ ಸಂಜೆಗೂ ನಡುವೆ "ಬರ್ತಾ ಇದೀವಿ, ಇರಿ" ಎಂಬ ಒಂದು ಮಾತು ದಾಟಿದ್ದರೆ ಸಾಕಿತ್ತು. ಬರ್ಡ್ಸ್‌ವಿಲ್ ಟ್ರ್ಯಾಕಿನಲ್ಲೇ 1963ರ ಡಿಸೆಂಬರಿನ ಉರಿಬಿಸಿಲಲ್ಲಿ ಒಂದೇ ಕುಟುಂಬದ ಐವರು ನಿಂತ ಕಾರನ್ನು ಬಿಟ್ಟು ನಡೆದು ಹೋಗಿ ನೀರಿಲ್ಲದೆ ಸತ್ತರು. ಗಾಡಿ ಕೆಟ್ಟರೆ ಗಾಡಿಯ ಹತ್ತಿರವೇ ಇರಿ ಎಂದು ಅಲ್ಲಿನವರು ಇವತ್ತಿಗೂ ಹೊಸಬರಿಗೆ ಮಂತ್ರದಂತೆ ಹೇಳುತ್ತಾರೆ.

ಆದರೂ ಸಾವಿರ ಡಾಲರು ಎಂದರೆ ಅಪ್ಪನ ಮುಖ ಕಣ್ಣ ಮುಂದೆ ಬರುತ್ತದೆ. ಹಳೆಯದು ಸಿಕ್ಕೀತೇ ಎಂದು ನೋಡಿದೆ. ಎಲ್ಲಕ್ಕಿಂತ ಅಗ್ಗವಾಗಿ ಕಂಡಿದ್ದು ಥುರಾಯಾ ಫೋನುಗಳು. ಇಷ್ಟು ಅಗ್ಗವೇಕೆ ಎಂದು ಗೆಳೆಯನೊಬ್ಬನನ್ನು ಕೇಳಿದರೆ ಅವನು ಬೆರಳನ್ನು ಮೇಲಕ್ಕೆ ತೋರಿಸಿದ. ಅರಬ್ ಎಮಿರೇಟ್ಸ್ ಮೂಲದ ಆ ಕಂಪನಿ ಏಷ್ಯಾದ ಪೂರ್ವ ಭಾಗಕ್ಕೂ ಆಸ್ಟ್ರೇಲಿಯಾಕ್ಕೂ ನೆಚ್ಚಿಕೊಂಡಿದ್ದು ಥುರಾಯಾ-3 ಎಂಬ ಒಂದೇ ಉಪಗ್ರಹವನ್ನು. ಅದು 2024ರ ಏಪ್ರಿಲಿನಲ್ಲಿ ಕೆಟ್ಟು ಕೂತಿತು. ರಿಪೇರಿಯವನು ಹೋಗಿ ಬರುವಂಥ ದೂರವಲ್ಲ. ಇಲ್ಲಿನ ಫೋನುಗಳೆಲ್ಲ ಒಂದೇ ಏಟಿಗೆ ಬರಿಯ ಡಬ್ಬಿಗಳಾದವು. ಗೊತ್ತಿಲ್ಲದವರಿಗೆ ಅವನ್ನು ಈಗಲೂ ಮಾರುವವರಿದ್ದಾರೆ.

ಉಳಿದದ್ದು ಮುಖ್ಯವಾಗಿ ಎರಡು, ಇನ್‌ಮಾರ್‌ಸ್ಯಾಟ್ ಮತ್ತು ಇರಿಡಿಯಂ. ಇನ್‌ಮಾರ್‌ಸ್ಯಾಟ್ 1979ರಲ್ಲಿ ಹಡಗುಗಳ ಸುರಕ್ಷತೆಗೆಂದು ಹುಟ್ಟಿದ ಸಂಸ್ಥೆ. ಅದರ ಉಪಗ್ರಹಗಳು ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಅರಳಿಕಟ್ಟೆಯ ಹಿರಿಯರ ಹಾಗೆ ಕೂತ ಜಾಗ ಬಿಟ್ಟು ಕದಲುವುದಿಲ್ಲ. ನಾವೇ ಅವರತ್ತ ಮುಖ ಮಾಡಿ ಆಂಟೆನಾ ತಿರುಗಿಸಿ ಮಾತಾಡಬೇಕು. ಮಾತು ಹೋಗಿ ಉತ್ತರ ಬರುವುದಕ್ಕೆ ಅರ್ಧ ಸೆಕೆಂಡಾದರೂ ಬೇಕು. ಗಂಡ ಹೆಂಡಿರ ಸಂಭಾಷಣೆಯಲ್ಲಿ ಅರ್ಧ ಸೆಕೆಂಡಿನ ಮೌನಕ್ಕೆ ಏನೇನು ಅರ್ಥ ಹುಟ್ಟುತ್ತದೆಂದು ಅನುಭವಸ್ಥರಿಗೆ ಹೇಳಬೇಕಿಲ್ಲ. ಇರಿಡಿಯಂನವು ಕೇವಲ 780 ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಓಡುತ್ತಿರುತ್ತವೆ. ನೆತ್ತಿಯ ಮೇಲೆ ಬಂದದ್ದು ಹತ್ತು ನಿಮಿಷದೊಳಗೆ ದಿಗಂತದಲ್ಲಿ ಮುಳುಗಿ, ಅಷ್ಟರೊಳಗೆ ನಮ್ಮ ಕರೆಯನ್ನು ಹಿಂದೆ ಬರುತ್ತಿರುವುದಕ್ಕೆ ದಾಟಿಸಿರುತ್ತದೆ. ಎಂಥ ಮೂಲೆಯಲ್ಲೂ ಸಿಗುತ್ತದೆಂದು ಎಲ್ಲರೂ ಅದನ್ನೇ ಹೇಳಿದರು.

ಅದರ ಹಿಂದೆಯೂ ಒಬ್ಬ ಹೆಂಡತಿ ಇದ್ದಾಳೆಂದು ಓದಿದಾಗ ನನಗೆ ಸಮಾಧಾನವಾಯಿತು. 1985ರಲ್ಲಿ ಮೋಟರೋಲಾದ ಎಂಜಿನಿಯರ್ ಬೇರಿ ಬರ್ಟಿಗರ್ ಪತ್ನಿಯೊಂದಿಗೆ ಬಹಾಮಾಸ್ ದ್ವೀಪಗಳಿಗೆ ರಜೆ ಕಳೆಯಲು ಹೋಗಿದ್ದ. ಆಕೆಗೆ ಅಮೆರಿಕಕ್ಕೆ ಫೋನು ಮಾಡಬೇಕಿತ್ತು, ಮೊಬೈಲ್ ಸಿಗಲಿಲ್ಲ. ಇಷ್ಟು ದೊಡ್ಡ ಕಂಪನಿಯ ಎಂಜಿನಿಯರಿಗೆ ಇದೊಂದು ಆಗುವುದಿಲ್ಲವೇ ಎಂಬ ಪ್ರಶ್ನೆ ಬಂತು. ಅವನು ಇನ್ನಿಬ್ಬರನ್ನು ಸೇರಿಸಿಕೊಂಡು ಲೆಕ್ಕ ಹಾಕಿದ. ಭೂಮಿಯನ್ನು ಸುತ್ತುವ 77 ಉಪಗ್ರಹಗಳು ಬೇಕೆಂದಾಯಿತು. ಇರಿಡಿಯಂ ಧಾತುವಿನ ಪರಮಾಣು ಸಂಖ್ಯೆ 77, ಅದೇ ಹೆಸರಾಯಿತು. ಆಮೇಲೆ 66 ಸಾಕೆಂದು ಗೊತ್ತಾದರೂ ಹೆಸರು ಹಾಗೆಯೇ ಉಳಿಯಿತು. ಸುಮಾರು 500 ಕೋಟಿ ಡಾಲರು ಸುರಿದು 1998ರ ನವೆಂಬರ್ 1ರಂದು ಸೇವೆ ಶುರು ಮಾಡಿದರು. ಮೊದಲ ಕರೆ ಮಾಡಿದ್ದು ಅಮೆರಿಕದ ಆಗಿನ ಉಪಾಧ್ಯಕ್ಷ ಅಲ್ ಗೋರ್, ಎತ್ತಿದ್ದು ಟೆಲಿಫೋನು ಕಂಡುಹಿಡಿದ ಗ್ರಹಾಂ ಬೆಲ್‌ನ ಮರಿಮಗ. ಫೋನಿನ ಬೆಲೆ ಸುಮಾರು 3,000 ಡಾಲರು, ಮೇಲೆ ನಿಮಿಷಕ್ಕೆ ಇಷ್ಟೆಂದು ಹಲವು ಡಾಲರು. ಕಟ್ಟಡದೊಳಗೆ ಕೆಲಸ ಮಾಡುವುದಿಲ್ಲ. ಅಷ್ಟರಲ್ಲಿ ನೆಲದ ಮೇಲಿನ ಮೊಬೈಲು ಗೋಪುರಗಳು ಎಲ್ಲೆಡೆ ಎದ್ದಿದ್ದವು. ಒಂದು ವರ್ಷ ತುಂಬುವ ಮೊದಲೇ, 1999ರ ಆಗಸ್ಟಿನಲ್ಲಿ ಕಂಪನಿ ದಿವಾಳಿ.

ಉಪಗ್ರಹಗಳನ್ನು ಕೆಳಕ್ಕಿಳಿಸಿ ವಾತಾವರಣದಲ್ಲಿ ಸುಟ್ಟುಬಿಡುವುದೆಂದು ತೀರ್ಮಾನವಾಗುತ್ತಿತ್ತು. ಆಗ ಬಂದವನು ಡ್ಯಾನ್ ಕೊಲಸಿ, ಪ್ಯಾನ್ ಆಮ್ ವಿಮಾನ ಕಂಪನಿಯ ಅಧ್ಯಕ್ಷನಾಗಿದ್ದು ನಿವೃತ್ತನಾದವನು. 500 ಕೋಟಿಯ ಆ ಸರಕನ್ನು ಅವನ ಗುಂಪು 2000ದ ಡಿಸೆಂಬರಿನಲ್ಲಿ ಎರಡೂವರೆ ಕೋಟಿ ಡಾಲರಿಗೆ ಕೊಂಡಿತು. ಇನ್ನೂರರಲ್ಲಿ ಒಂದು ಪಾಲು! ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ಮುಚ್ಚುವ ಹೊತ್ತಿಗೆ ಹೋಗಿ ಸೊಪ್ಪು ಕೇಳುವವರಿಗೂ ಈ ಧೈರ್ಯ ಬರಲಿಕ್ಕಿಲ್ಲ. ನಮ್ಮಪ್ಪ ಇದ್ದಿದ್ದರೆ ಕೊಲಸಿಯ ಪಟವನ್ನು ಗೋಡೆಗೆ ಹಾಕಿಸುತ್ತಿದ್ದರು. ಅಮೆರಿಕದ ರಕ್ಷಣಾ ಇಲಾಖೆ ಗಿರಾಕಿಯಾಯಿತು, ಕಂಪನಿ ಬದುಕಿತು, 2017ರಿಂದ 2019ರೊಳಗೆ ಹೊಸ ಉಪಗ್ರಹಗಳೂ ಮೇಲೇರಿದವು. ಇವತ್ತು ನಮ್ಮಂಥವರ ಕೈಗೆ ಈ ಫೋನು ಎಟುಕುತ್ತಿದ್ದರೆ, ಯಾರೋ ಕಳೆದುಕೊಂಡ 500 ಕೋಟಿಯ ಋಣ ಅದರಲ್ಲಿದೆ.

ಕೊನೆಗೆ ಸಿಕ್ಕಿದ್ದು 9555 ಮಾದರಿಯ ಹಳೆಯ ಇರಿಡಿಯಂ. ಮಾರುವವರು ಪೋರ್ಟ್ ಅಗಸ್ಟಾ ಕಡೆಯ ಒಬ್ಬ ನಿವೃತ್ತ ಕುರಿ ಸಾಕಣೆದಾರರು. ಅಂಗಳದಲ್ಲಿ ನಿಂತು ಆಂಟೆನಾ ಎಳೆದು, ನನ್ನ ಸಿಮ್ ಹಾಕಿ, ನನ್ನ ಮೊಬೈಲಿಗೇ ಕರೆ ಮಾಡಿ ತೋರಿಸಿದ ಮೇಲೆಯೇ ದುಡ್ಡಿನ ಮಾತು. ನಾನು 20 ಡಾಲರಿನ ನೋಟುಗಳನ್ನು ಎಣಿಸುತ್ತಿದ್ದಾಗ ಅವರು ಒಂದನ್ನು ತಿರುಗಿಸಿ ತೋರಿಸಿ ಕೇಳಿದರು, "ಇವರು ಯಾರು ಗೊತ್ತಾ?"

ಆ ನೋಟಿನ ಮೇಲಿರುವುದು ಪಾದ್ರಿ ಜಾನ್ ಫ್ಲಿನ್. ಒಳನಾಡಿನ ಒಂಟಿ ಮನೆಗಳಿಗೆ ವಿಮಾನದಲ್ಲಿ ವೈದ್ಯರನ್ನು ಕಳಿಸುವ ಯೋಜನೆ ಅವರದು. ಮೊದಲ ವಿಮಾನ 1928ರ ಮೇ 17ರಂದು ಕ್ಲೋನ್‌ಕರಿ ಎಂಬ ಊರಿನಿಂದ ಹಾರಿತು. ವಿಮಾನವೇನೋ ಬಂತು, ಅದನ್ನು ಕರೆಯುವುದು ಹೇಗೆ? ವಿದ್ಯುತ್ತಿಲ್ಲ, ತಂತಿಯಿಲ್ಲ. ಅಡಿಲೇಡಿನ ಆಲ್ಫ್ರೆಡ್ ಟ್ರೇಗರ್ ಎಂಬ ಎಂಜಿನಿಯರ್ 1929ರಲ್ಲಿ ಇದಕ್ಕೊಂದು ಉಪಾಯ ಮಾಡಿದರು. ಸೈಕಲ್ಲಿನ ಪೆಡಲಿಗೆ ಜನರೇಟರು ಜೋಡಿಸಿ, ಕುರ್ಚಿಯಲ್ಲಿ ಕೂತು ತುಳಿದರೆ ರೇಡಿಯೋ ನಡೆಯುವ ಹಾಗೆ. ಮೊದಮೊದಲು ಮೋರ್ಸ್ ಸಂಕೇತ ಮಾತ್ರ, ಕೆಲವು ವರ್ಷಗಳಲ್ಲಿ ಮಾತೂ ಬಂತು. 20 ಡಾಲರಿನ ನೋಟಿನಲ್ಲಿ ಆ ಪೆಡಲ್ ರೇಡಿಯೋ ಕೂಡ ಅಚ್ಚಾಗಿದೆ. ತನ್ನ ಊರುಗಳಿಗೆ ಮಾತು ಮುಟ್ಟಿಸಿದ ಯಂತ್ರವನ್ನು ದುಡ್ಡಿನ ಮೇಲೆ ಅಚ್ಚು ಹಾಕಿಸಿಕೊಂಡ ದೇಶ ಇದು!

ಆ ಹಿರಿಯರು ತಮ್ಮ ತಾಯಿಯ ಕಥೆ ಹೇಳಿದರು. ಇವರು ಹುಡುಗರಾಗಿದ್ದ ಹೊತ್ತಿಗೆ ಪೆಡಲು ಹೋಗಿ ಬ್ಯಾಟರಿಯ ರೇಡಿಯೋ ಬಂದಿತ್ತು. ದಿನದ ಗೊತ್ತಾದ ಹೊತ್ತಿಗೆ ನೂರಾರು ಮೈಲಿ ಹರಡಿದ್ದ ಮನೆಗಳ ಹೆಂಗಸರೆಲ್ಲ ಅದರ ಮುಂದೆ ಕೂರುತ್ತಿದ್ದರಂತೆ. ಗಲಾ ಸೆಷನ್ ಎಂದು ಅದರ ಹೆಸರು. ಗಲಾ ಎಂದರೆ ಇಲ್ಲಿನ ಗದ್ದಲಗಾರ ಗಿಳಿ. ಮಳೆ ಬಂತೇ, ಮಗುವಿಗೆ ಹಲ್ಲು ಬಂತೇ, ಕೇಕು ಉಬ್ಬಿತೇ ಎಂದು ಎಲ್ಲರ ಮಾತನ್ನೂ ಎಲ್ಲರೂ ಕೇಳುತ್ತಿದ್ದರು. "ಒಂದು ದಿನ ಒಬ್ಬರ ದನಿ ಕೇಳದಿದ್ದರೆ ಸಂಜೆಯೊಳಗೆ ಯಾರಾದರೂ ಗಾಡಿ ಹತ್ತಿ ಅವರ ಮನೆಗೆ ಹೋಗುತ್ತಿದ್ದರು. ನಮ್ಮನ್ನು ಕಾಪಾಡುತ್ತಿದ್ದದ್ದು ರೇಡಿಯೋ ಅಲ್ಲ, ಆ ಹೆಂಗಸರ ಕಿವಿ" ಎಂದರು. ಬೆಲೆಯಲ್ಲಿ ಇನ್ನಷ್ಟು ಇಳಿಸಿಕೊಳ್ಳಬೇಕೆಂದಿದ್ದ ನಾನು ಸುಮ್ಮನೆ ನೋಟುಗಳನ್ನು ಕೊಟ್ಟೆ.

ಫೋನು ಅಗ್ಗವಾದರೂ ಅದರ ಹೊಟ್ಟೆ ಅಗ್ಗದ್ದಲ್ಲ. ಪ್ರೀಪೇಯ್ಡ್ ನಿಮಿಷಗಳನ್ನು ಕೊಳ್ಳಬೇಕು. ಒಂದೊಂದು ನಿಮಿಷಕ್ಕೂ ಡಾಲರಿನ ಮೇಲೆ. ಬಳಸಲಿ ಬಿಡಲಿ, ಅವಧಿ ಮುಗಿದ ದಿನ ಅವು ಇಲ್ಲವಾಗುತ್ತವೆ. ಆಡದ ಮಾತಿಗೂ ದುಡ್ಡು ಕೊಡಬೇಕಾದ ಈ ಏರ್ಪಾಡನ್ನು ಅಪ್ಪ ನೋಡದೇ ಹೋದದ್ದೇ ಒಳ್ಳೆಯದಾಯಿತು.

ಟ್ರ್ಯಾಕಿನ ಮೊದಲ ರಾತ್ರಿ ಡೇರೆ ಹೊಡೆದು, ಬಯಲಿಗೆ ಹೋಗಿ, ಆಂಟೆನಾ ನೆಟ್ಟಗೆ ಹಿಡಿದು ಮನೆಗೆ ಕರೆ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಕತ್ತರಿಸಿದಳು. ಇರಿಡಿಯಂ ನಂಬರುಗಳು ಯಾವ ದೇಶಕ್ಕೂ ಸೇರದ 8816 ಎಂಬ ಸಂಕೇತದಿಂದ ಶುರುವಾಗುತ್ತವೆ. ಬ್ಯಾಂಕಿನ ಹೆಸರಿನಲ್ಲಿ ಟೋಪಿ ಹಾಕುವವರಿರಬೇಕೆಂದು ಅವಳು ಅಂದುಕೊಂಡಳಂತೆ. ಇನ್ನೇನು ಮಾಡುವುದೆಂದು ನಾನು ನಿಂತಿರುವಾಗ ಫೋನು ಗುಂಯ್ಗುಟ್ಟಿ ಸಂದೇಶ ಬಂತು. ಇರಿಡಿಯಂ ಫೋನಿಗೆ ಇಂಟರ್ನೆಟ್ಟಿನಿಂದ ಪುಕ್ಕಟೆಯಾಗಿ 160 ಅಕ್ಷರಗಳ ಸಂದೇಶ ಕಳಿಸಬಹುದೆಂದು ಅವಳಿಗೆ ಮೊದಲೇ ಹೇಳಿಕೊಟ್ಟಿದ್ದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದಳು: "ಈಗ ಗೊತ್ತಾಯ್ತು, ನೀವೇ ಅಂತ. ಎರಡು ಸಲ ರಿಂಗಾಯ್ತು, ತಲುಪಿದೀರಿ. ಎತ್ತಲ್ಲ, ದುಡ್ಡು ದಂಡ. ಊಟ ಆಯ್ತಾ?" ನಮ್ಮ ಮನೆತನಕ್ಕೆ ಅವಳು ಸೊಸೆಯಾಗಿ ಬಂದದ್ದು ಸಾರ್ಥಕ ಎನ್ನಿಸಿತು.

ಉಪಗ್ರಹಗಳ ನೆರೆಹೊರೆ ನನಗೆ ಹೊಸದೇನಲ್ಲ. ಹಾಸನದಲ್ಲಿ ಓದುವಾಗ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯ ದೊಡ್ಡ ಬಿಳಿ ಬಟ್ಟಲುಗಳನ್ನು ದಿನವೂ ನೋಡುತ್ತಿದ್ದೆ. 1982ರಿಂದ ನಮ್ಮ ಇನ್ಸಾಟ್ ಉಪಗ್ರಹಗಳ ಲಗಾಮು ಇರುವುದು ಅಲ್ಲಿಯೇ. ದೇಶದ ಉಪಗ್ರಹಗಳು ನಮ್ಮೂರಿನ ಮಾತು ಕೇಳುತ್ತಿದ್ದ ಕಾಲದಲ್ಲಿ ನಾವು ಮಾತ್ರ ಫೋನು ಮಾಡಲು ಪಕ್ಕದ ಮನೆಗೆ ಹೋಗುತ್ತಿದ್ದೆವು. ಆ ಹಾಸನಕ್ಕೇ ರಜೆಗೆ ಹೋಗುವಾಗ ಈ ಫೋನನ್ನು ತಪ್ಪಿಯೂ ಬ್ಯಾಗಿಗೆ ಹಾಕಿಕೊಳ್ಳುವಂತಿಲ್ಲ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಸೆಟಿಲೈಟ್ ಫೋನು ಇಟ್ಟುಕೊಳ್ಳುವುದು ಅಪರಾಧ. 2008ರ ಮುಂಬಯಿ ದಾಳಿಯಲ್ಲಿ ಉಗ್ರರು ಇಂಥ ಫೋನು ಬಳಸಿದ ಮೇಲೆ ಕಾವಲು ಇನ್ನೂ ಬಿಗಿಯಾಯಿತು. ಇರಿಡಿಯಂ, ಥುರಾಯಾ ಎರಡಕ್ಕೂ ಅಲ್ಲಿ ಜಾಗವಿಲ್ಲ. ಬೇಕಾದವರಿಗೆ ಅನುಮತಿಯೊಂದಿಗೆ ಬಿಎಸ್‌ಎನ್‌ಎಲ್ ಇನ್‌ಮಾರ್‌ಸ್ಯಾಟ್ ಮೂಲಕ ಸೇವೆ ಕೊಡುತ್ತದೆ. ಚಾರಣಕ್ಕೆಂದು ಬಂದು, ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಉಪಕರಣ ಬ್ಯಾಗಿನಲ್ಲಿದ್ದ ಕಾರಣಕ್ಕೆ ವಿಮಾನ ನಿಲ್ದಾಣಗಳಲ್ಲಿ ಪೊಲೀಸರ ವಶವಾದ ವಿದೇಶಿಯರಿದ್ದಾರೆ. ಹಿಮಾಲಯಕ್ಕೆ ಹೊರಟ ಕನ್ನಡಿಗರು ಹೊರದೇಶದ ನೆಂಟರಿಂದ ಇದನ್ನು ತರಿಸಿಕೊಳ್ಳುವ ಯೋಚನೆ ಬಿಡುವುದು ಕ್ಷೇಮ.

ಆಸ್ಟ್ರೇಲಿಯಾದಲ್ಲಿರುವವರಿಗೆ ನನ್ನ ಅಭಿಪ್ರಾಯ ಇಷ್ಟು. ಅಪರೂಪಕ್ಕೊಮ್ಮೆ ಹೋಗುವವರು ಬಾಡಿಗೆಗೆ ತನ್ನಿ, ವಾರದ ಲೆಕ್ಕದಲ್ಲಿ ಸಿಗುತ್ತದೆ. ಹೊಸ ಐಫೋನುಗಳಲ್ಲಿ 2023ರಿಂದ ಆಸ್ಟ್ರೇಲಿಯಾದಲ್ಲೂ ಉಪಗ್ರಹದ ತುರ್ತು ಸಂದೇಶ ಹೋಗುತ್ತದೆ, ಆದರೆ ಅದು ಮಾತಲ್ಲ. ಚಂದಾ ಕೇಳದ, ತುರ್ತು ಸಂಕೇತ ಕಳಿಸುವ ಬೀಕನ್ ಒಂದನ್ನು ಸೊಂಟದಲ್ಲಿಟ್ಟುಕೊಳ್ಳಿ, ಅದು ನಿಮ್ಮ ಜೀವಕ್ಕೆ. ಫೋನು ಬೇಕಾಗುವುದು ಮನೆಯಲ್ಲಿರುವವರ ನಿದ್ದೆಗೆ. ಹಳೆಯದನ್ನು ಕೊಳ್ಳುವುದಾದರೆ ನಿಮ್ಮ ಸಿಮ್ ಹಾಕಿ ಬಯಲಿನಲ್ಲಿ ಕರೆ ಮಾಡಿ ನೋಡಿ, ಆಮೇಲೆ ದುಡ್ಡು ಕೊಡಿ. ಹೊರಡುವ ಮುಂಚೆ, ಯಾವ ಹೊತ್ತಿಗೆ, ಯಾವ ನಂಬರಿನಿಂದ ಕರೆ ಬರುತ್ತದೆ, ಬಾರದಿದ್ದರೆ ಯಾರಿಗೆ ಹೇಳಬೇಕು ಎಂಬುದನ್ನು ಮನೆಯವರಿಗೆ ಬರೆದುಕೊಡಿ. ಆ ಕಡೆ ಕಾಯುವ ಕಿವಿಯಿಲ್ಲದಿದ್ದರೆ ಎಷ್ಟು ಅಗ್ಗದ ಫೋನೂ ದುಬಾರಿಯೇ.