ಹೊಳೆ ಬತ್ತಿದ ಸೀಮೆಯ ಕತೆಗಾರರು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಕತೆ ಬರೆಯುವವರು ಬಹಳ ಮಂದಿ ಇದ್ದಾರೆ. ಹೊರಗಿನವರಿಗೆ ಇದು ಗೊತ್ತಿಲ್ಲ. ಎಷ್ಟೋ ಸಲ ಮನೆಯವರಿಗೇ ಗೊತ್ತಿರುವುದಿಲ್ಲ. ಪ್ರೈಮರಿ ಸ್ಕೂಲಿನ ಮೇಷ್ಟ್ರು, ಹಾಲಿನ ಡೇರಿ ಕಾರ್ಯದರ್ಶಿ, ಬೆಳಗಿನ ರೈಲು ಹಿಡಿದು ಯಲಹಂಕಕ್ಕೆ ಕೆಲಸಕ್ಕೆ ಹೋಗುವ ಹುಡುಗ, ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಶಿಫ್ಟ್ ಮುಗಿಸಿ ಬರುವ ಹುಡುಗಿ, ಹಿಪ್ಪುನೇರಳೆ ತೋಟದ ಮನೆಯ ಸೊಸೆ. ಇವರನ್ನು ಊರು ಸಾಹಿತಿ ಅಂತ ಕರೆಯುವುದಿಲ್ಲ, ಅವರೂ ಹಾಗೆ ಹೇಳಿಕೊಳ್ಳುವುದಿಲ್ಲ. "ಏನೋ ಅಣ್ಣ, ಆಗಾಗ ಗೀಚ್ತೀನಿ" ಎಂದು ಲಾಂಗ್ ಬುಕ್ಕನ್ನು ಕೈಗಿತ್ತು, ನಾನು ಓದಿ ಮುಗಿಸುವ ತನಕ ರಸ್ತೆ ಕಡೆ ನೋಡುತ್ತ ನಿಂತುಬಿಡುತ್ತಾರೆ. ಆ ನಿಲ್ಲುವಿಕೆಯಲ್ಲಿ ಎಷ್ಟು ಆಸೆ, ಎಷ್ಟು ಅಂಜಿಕೆ ಇರುತ್ತದೆ ಎಂಬುದು ಬರೆದು ಯಾರಿಗಾದರೂ ತೋರಿಸಿದವರಿಗೆಲ್ಲ ಗೊತ್ತು.

ಅಂಥ ಪುಸ್ತಕಗಳನ್ನು ಓದುತ್ತ ಬಂದ ನನ್ನನ್ನು ಒಂದು ಸಂಗತಿ ಕಾಡುತ್ತಲೇ ಇದೆ. ಅವರ ಕತೆಗಳಲ್ಲಿ ಮಳೆ ಬಹಳ. ಹೆಂಚಿನ ಮನೆ, ಅಡಿಕೆ ತೋಟ, ದಣಪೆ, ತುಂಬಿದ ಹೊಳೆಯನ್ನು ದಾಟಲಾಗದೆ ಈಚೆ ದಡದಲ್ಲೇ ನಿಂತ ನಾಯಕಿ. ಬರೆದವರು ಹುಟ್ಟಿ ಬೆಳೆದ ಊರಿನಲ್ಲಿ ಇದ್ಯಾವುದೂ ಇಲ್ಲ. ನಂದಿಬೆಟ್ಟದ ಸುತ್ತಮುತ್ತಲೇ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಅರ್ಕಾವತಿ ಹುಟ್ಟುತ್ತವೆ ಅಂತ ಮಕ್ಕಳು ಪಾಠದಲ್ಲಿ ಓದುತ್ತಾರೆ. ಸೇತುವೆ ಮೇಲೆ ಬಸ್ಸು ಹೋಗುವಾಗ ಕೆಳಗೆ ನೋಡಿದರೆ ಸಿಗುವುದು ಜಾಲಿ ಗಿಡ. 2021ರ ನವೆಂಬರಿನಲ್ಲಿ ಕೆರೆಗಳು ಕೋಡಿ ಹರಿದಾಗ ಜನ ಮಕ್ಕಳು ಮರಿ ಕಟ್ಟಿಕೊಂಡು ನೀರು ನೋಡಲು ಹೊರಟರು. ನಮ್ಮ ಕಡೆ ನೀರು ಹರಿಯುವುದೇ ಒಂದು ಜಾತ್ರೆ.

ಈ ಕತೆಗಾರರು ತಾವು ಕಾಣದ ಮಳೆಯನ್ನು ಬರೆಯುವುದಕ್ಕೆ ಕಾರಣವಿದೆ. ಇವರಿಗೆ ಓದಿನ ರುಚಿ ಹತ್ತಿಸಿದ್ದು ಕುವೆಂಪು, ಕಾರಂತ, ತೇಜಸ್ವಿ. 'ಕಾನೂರು ಹೆಗ್ಗಡಿತಿ' ಬಂದದ್ದು 1936ರಲ್ಲಿ, 'ಮರಳಿ ಮಣ್ಣಿಗೆ' 1941ರಲ್ಲಿ. ಅಂದಿನಿಂದ ಕನ್ನಡ ಓದುಗನ ಕಣ್ಣೊಳಗೆ ಕಾಡು, ಕಡಲು, ಘಟ್ಟ ನೆಲೆಯಾಗಿವೆ. ಆ ದೊಡ್ಡವರು ತಮ್ಮ ಅಂಗಳವನ್ನೇ ಬರೆದರು, ಅದಕ್ಕೇ ಅದು ಅಷ್ಟು ನಿಜವಾಯಿತು. ನಮ್ಮ ಹುಡುಗರು ಕಲಿತದ್ದು ಮಾತ್ರ ಬೇರೆ ಪಾಠ: ಕತೆ ನಡೆಯುವುದು ಅಲ್ಲಿ, ನಮ್ಮಲ್ಲಿ ಅಂಥದ್ದೇನೂ ಇಲ್ಲ. ಹವ್ಯಾಸಿ ಕತೆಗಾರರ ಕಷ್ಟ ಅಂದರೆ ಪುರುಸೊತ್ತಿಲ್ಲದ್ದು, ಪ್ರಕಾಶಕರು ಸಿಗದಿರುವುದು ಅಂತ ಹೇಳುವುದು ವಾಡಿಕೆ. ಅವು ಇವೆ, ಇಲ್ಲ ಅನ್ನುವುದಿಲ್ಲ. ಎಲ್ಲಕ್ಕಿಂತ ಮೊದಲಿನ ಕಷ್ಟ ಇದು: ತನ್ನ ಬದುಕು ಕತೆಗೆ ಒದಗುವಂಥದ್ದು ಅನ್ನುವ ನಂಬಿಕೆಯೇ ಬಾರದಿರುವುದು.

ಬೋರ್‌ವೆಲ್ ಕೊರೆಯುವ ಒಂದು ರಾತ್ರಿಯನ್ನೇ ನೋಡಿ. ಸಂಜೆ ಲಾರಿ ಬಂದು ಹೊಲದಲ್ಲಿ ನಿಲ್ಲುತ್ತದೆ. ಪಾಯಿಂಟ್ ನೋಡುವವನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದು, ಕಾಯಿ ಎದ್ದು ನಿಂತ ಜಾಗ ತೋರಿಸಿ ಹೋಗಿರುತ್ತಾನೆ. ಪೂಜೆಯಾಗಿ ಮಿಷನ್ ಶುರುವಾದ ಮೇಲೆ ಅಪ್ಪ, ಅಣ್ಣತಮ್ಮಂದಿರು, ಪಕ್ಕದ ಹೊಲದವರು ಎಲ್ಲ ನಿದ್ದೆಗೆಟ್ಟು ಅಲ್ಲೇ ನಿಲ್ಲುತ್ತಾರೆ. ಐನೂರು ಅಡಿಗೆ ಬಿಳಿ ದೂಳು. ಎಂಟುನೂರಕ್ಕೂ ದೂಳು. ಸಾವಿರ ಅಡಿ ಹತ್ತಿರವಾದಾಗ ಹಸಿ ಮಣ್ಣಿನ ವಾಸನೆ ಬಂತು ಅಂತ ಯಾರೋ ಅನ್ನುತ್ತಾರೆ, ಮೈಮೇಲೆಲ್ಲ ದೂಳು ಮೆತ್ತಿಕೊಂಡ ಮುಖಗಳು ಒಮ್ಮೆ ಅರಳುತ್ತವೆ. ಮಿಷನ್ನಿನವನು ಕೂಗಿ ಕೇಳುತ್ತಾನೆ: "ಬಿಡೋದಾ, ನಿಲ್ಸೋದಾ?" ಒಂದೊಂದು ಅಡಿಗೂ ದುಡ್ಡು. ಅಪ್ಪ ಉತ್ತರ ಹೇಳುವ ಮೊದಲು ಒಂದು ಗಳಿಗೆ ಸುಮ್ಮನಿರುತ್ತಾನೆ. ಆ ಒಂದು ಗಳಿಗೆಯಲ್ಲಿ ಮಗಳ ಮದುವೆ ಇದೆ, ಅಡ ಇಟ್ಟ ಒಡವೆ ಇದೆ, ಪಾಲು ಕೇಳುತ್ತಿರುವ ತಮ್ಮನಿದ್ದಾನೆ. "ಇನ್ನೊಂದು ನೂರಡಿ ಬಿಡಪ್ಪ" ಅನ್ನುತ್ತಾನೆ. ಈ ರಾತ್ರಿಯನ್ನು ಕಣ್ಣಾರೆ ಕಂಡವರು ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಮನೆಗೊಬ್ಬರಿದ್ದಾರೆ. ಹಾಗೆ ಕಂಡ ಹುಡುಗ ಕತೆ ಬರೆಯಲು ಕೂತಾಗ ಆಗುಂಬೆಯ ಮಳೆ ಬರೆಯುತ್ತಾನೆ ಅನ್ನುವುದು ನನಗೆ ಸಂಕಟದ ವಿಷಯ.

ಬರೆಯಲು ಹೊತ್ತು ಹೊಂದಿಸಿಕೊಳ್ಳುವ ಬಗೆಯಂತೂ ಒಬ್ಬೊಬ್ಬರದು ಒಂದೊಂದು. ಗೌರಿಬಿದನೂರಿನಿಂದ ರೈಲಿನಲ್ಲಿ ಓಡಾಡುವವರು ಬಾಗಿಲ ಪಕ್ಕ ನಿಂತು ಮೊಬೈಲಿನಲ್ಲೇ ಟೈಪ್ ಮಾಡಿ ತಮಗೆ ತಾವೇ ವಾಟ್ಸಾಪ್ ಮಾಡಿಕೊಳ್ಳುತ್ತಾರೆ. ಮೇಷ್ಟ್ರುಗಳಿಗೆ ದಸರಾ ರಜೆ, ಬೇಸಿಗೆ ರಜೆ. ಅಂಗಡಿಯವರಿಗೆ ಮಧ್ಯಾಹ್ನ ಗಿರಾಕಿ ಇಲ್ಲದ ಒಂದು ಗಂಟೆ. ಶಿಡ್ಲಘಟ್ಟದ ಕಡೆಯ ಹಳ್ಳಿಯೊಂದರಲ್ಲಿ ನನಗೆ ತಂಗಿಯಂಥ ಒಬ್ಬ ಹೆಣ್ಣುಮಗಳಿದ್ದಾಳೆ. ಅವಳ ಬರವಣಿಗೆಯ ದಿನಗಳನ್ನು ನಿಗದಿ ಮಾಡುವುದು ರೇಷ್ಮೆ ಹುಳ. ಹುಳ ಮೇಯುವುದು ಹೆಚ್ಚುಕಡಿಮೆ 25 ದಿನ, ಅಷ್ಟರಲ್ಲಿ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಇದ್ದು ಪೊರೆ ಕಳಚುತ್ತದೆ. ಆ ಹೊತ್ತಿನಲ್ಲಿ ಸೊಪ್ಪು ಹಾಕುವಂತಿಲ್ಲ. ಈಗ ಎಳೆ ಹುಳ ಸಾಕಿಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳವನ್ನೇ ತರುವುದರಿಂದ ಅವಳ ಮನೆಯಲ್ಲಿ ಒಂದು ಬೆಳೆಗೆ ಸಿಗುವುದು ಎರಡೇ ಜ್ವರ, ಎರಡೇ ಬಿಡುವು. ನಾಲ್ಕನೇ ಜ್ವರ ಎದ್ದರೆ ಮುಗಿಯಿತು. ಹುಳ ತಿನ್ನುವ ಒಟ್ಟು ಸೊಪ್ಪಿನಲ್ಲಿ ಮುಕ್ಕಾಲಿಗೂ ಮಿಕ್ಕ ಪಾಲು ಆ ಕೊನೆಯ ವಾರಕ್ಕೇ ಬೇಕು, ರಾತ್ರಿಯೂ ಎದ್ದು ಹಾಕಬೇಕು. ಹಣ್ಣಾದ ಹುಳ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಮಾರ್ಕೆಟ್ಟಿಗೆ ಸಾಗಿಸುವ ತನಕ ಪೆನ್ನು ಮುಟ್ಟುವ ಮಾತಿಲ್ಲ. "ಏನಮ್ಮಾ, ಸೊಪ್ಪಿನ ಲೆಕ್ಕ ಬರೀತಿದ್ದೀಯಾ?" ಅಂತ ಅತ್ತೆ ಕೇಳಿದರೆ "ಹ್ಞೂಂ ಅತ್ತೆ" ಅನ್ನುತ್ತಾಳಂತೆ.

ಅವಳ ಮೊದಲ ಕತೆಗಳೆಲ್ಲ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನಡೆಯುತ್ತಿದ್ದವು. ಆಮೇಲೆ ಒಂದು ಸಣ್ಣ ಕತೆ ತಂದು ತೋರಿಸಿದಳು. ಗಂಡ ಗೂಡಿನ ಮಾರ್ಕೆಟ್ಟಿನಲ್ಲಿದ್ದಾನೆ, ಹರಾಜು ನಡೆದಿದೆ, ಬಂದ ಬೆಲೆ ಒಪ್ಪುವುದೋ ಬಿಡುವುದೋ ಅಂತ ಹೆಂಡತಿಗೆ ಫೋನ್ ಮಾಡುತ್ತಾನೆ. ಮದುವೆಯಾಗಿ ಇಷ್ಟು ವರ್ಷವಾದರೂ ದುಡ್ಡಿನ ವಿಷಯದಲ್ಲಿ ಅವನು ಅವಳ ಮಾತು ಕೇಳಿದ್ದು ಅದೇ ಮೊದಲು. ಅವಳು ಏನು ಹೇಳಿದಳು ಅನ್ನುವಷ್ಟಕ್ಕೆ ಕತೆ ನಿಲ್ಲುತ್ತದೆ. ಓದಿ ನನಗೆ ಮಾತು ಹೊರಡಲಿಲ್ಲ. ಅವಳು ಮಾತ್ರ ಅನುಮಾನದಿಂದ ಕೇಳಿದಳು: "ಅಣ್ಣಾ, ಇದನ್ನ ಯಾರು ಓದ್ತಾರೆ? ಇದು ದಿನಾ ನಮ್ಮನೇಲಿ ನಡೆಯೋದೇ ಅಲ್ವಾ?" ದಿನಾ ನಡೆಯುವುದನ್ನು ಮೊದಲ ಸಲ ನಡೆದಂತೆ ಕಾಣಿಸುವುದಕ್ಕೇ ಅಲ್ಲವೇ ತಾಯಿ ಕತೆ ಬೇಕಾಗಿರುವುದು ಎಂದೆ.

ನಮ್ಮ ಸೀಮೆಯವರನ್ನು ಹಿಂದೆಳೆಯುವ ಇನ್ನೊಂದು ಅಳುಕು ಭಾಷೆಯದು. ಇಲ್ಲಿ ಬಹಳ ಮನೆಗಳ ಒಳಮಾತು ತೆಲುಗು, ನೂಲು ಬಿಚ್ಚುವ ಕೇರಿಗಳಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಅಜ್ಜಿ ತೆಲುಗಿನಲ್ಲಿ ಬೈದದ್ದನ್ನು ಮೊಮ್ಮಗ ಪಠ್ಯಪುಸ್ತಕದ ಕನ್ನಡದಲ್ಲಿ ಬರೆಯುತ್ತಾನೆ, ಅಜ್ಜಿ ಸಪ್ಪೆಯಾಗುತ್ತಾಳೆ. ಆಮೇಲೆ ತನ್ನ ಕನ್ನಡ ಧಾರವಾಡದವರ ಹಾಗೆ, ಮೈಸೂರಿನವರ ಹಾಗೆ ಇಲ್ಲವಲ್ಲ ಎಂದು ಕುಗ್ಗುತ್ತಾನೆ. ಕುಗ್ಗುವ ಕಾರಣವೇ ಇಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಳೆ ಮಾರುತ್ತಿದ್ದ ನಾರೇಯಣ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು, ಎರಡನ್ನೂ ಜನ ಇಂದಿಗೂ ಹಾಡುತ್ತಾರೆ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಕುಂ. ವೀರಭದ್ರಪ್ಪನವರು ಆಂಧ್ರದ ಹಳ್ಳಿ ಶಾಲೆಗಳಲ್ಲಿ ಮೇಷ್ಟ್ರಾಗಿದ್ದುಕೊಂಡು, ಗಡಿಯ ಮಾತನ್ನೆಲ್ಲ ಹಾಗೇ ಕನ್ನಡಕ್ಕೆ ನುಗ್ಗಿಸಿದರು. ಅಜ್ಜಿ ಬೈದದ್ದು ಹೇಗೋ ಹಾಗೇ ಕತೆಗೆ ಬರಲಿ. ಕನ್ನಡಕ್ಕೆ ಅದರಿಂದ ಬಲ ಬರುತ್ತದೆಯೇ ಹೊರತು ನಷ್ಟವಿಲ್ಲ.

ಇನ್ನು ಕತೆ ಕಳಿಸುವ ಸಂಗತಿ. ಮುಂಚೆ ಹಾಳೆಯ ಒಂದೇ ಮಗ್ಗುಲಲ್ಲಿ ದುಂಡಗೆ ಬರೆದು, ಸ್ಟಾಂಪು ಹಚ್ಚಿದ ಲಕೋಟೆ ಇಟ್ಟು, 'ಸುಧಾ', 'ಮಯೂರ', 'ತರಂಗ', 'ತುಷಾರ'ಗಳಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ತಿಂಗಳಾನುಗಟ್ಟಲೆ ಪೋಸ್ಟ್‌ಮ್ಯಾನ್ ದಾರಿ ಕಾದು, ಕೊನೆಗೆ ಅದೇ ಲಕೋಟೆಯಲ್ಲಿ ವಿಷಾದ ಪತ್ರ. ಈಗ ಈಮೇಲ್, ವಿಷಾದವೂ ಬರುವುದಿಲ್ಲ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯ ಪ್ರಕಟಣೆ ಬಂತೆಂದರೆ ನಮ್ಮವರಿಗೆ ಹುರುಪು. ಕೊನೆಯ ದಿನದ ಹಿಂದಿನ ರಾತ್ರಿ ಕತೆಯ ಕೊನೆ ಬದಲಾಯಿಸುತ್ತಾರೆ, ಬದುಕಿದ್ದವರನ್ನು ಸಾಯಿಸುತ್ತಾರೆ. ಬಹುಮಾನ ಬಾರದಿದ್ದರೆ ಹಲವರು ಅಲ್ಲಿಗೇ ಪೆನ್ನು ಮುಚ್ಚುತ್ತಾರೆ. ಸ್ಪರ್ಧೆಗೆ ಕಳಿಸಬಾರದು ಅಂತ ನಾನು ಹೇಳುವುದಿಲ್ಲ. ಗಡುವು ಇದ್ದರೆ ಕತೆ ಮುಗಿಯುತ್ತದೆ, ಅದೇ ದೊಡ್ಡ ಉಪಕಾರ. ಆದರೆ ಕತೆ ಚೆನ್ನಾಗಿದೆಯೋ ಇಲ್ಲವೋ ಎಂಬ ತೀರ್ಮಾನವನ್ನು ಪೂರ್ತಿ ತೀರ್ಪುಗಾರರಿಗೆ ಒಪ್ಪಿಸಿಬಿಡಬಾರದು. ಹತ್ತಿರದ ಇಬ್ಬರು ಮೂವರು ಕೂತು ಒಬ್ಬರದನ್ನೊಬ್ಬರು ಗಟ್ಟಿಯಾಗಿ ಓದಿದರೆ, ಎಲ್ಲಿ ಕೇಳುವವರ ಗಮನ ತಪ್ಪಿತು, ಎಲ್ಲಿ ಮುಂದೆ ಬಾಗಿ ಕೂತರು ಎಂಬುದು ಓದುವವನಿಗೇ ತಿಳಿಯುತ್ತದೆ. ನಮ್ಮೂರುಗಳಲ್ಲಿ ಕವಿಗೋಷ್ಠಿಗೆ ಬರವಿಲ್ಲ. ಕತೆ ಓದಿ ಮುಗಿಯುವ ತನಕ ಕೂತು ಕೇಳುವ ಕೂಟಗಳು ಬೇಕು.

ಆಮೇಲೆ ಪುಸ್ತಕದ ಆಸೆ. ಕೈಯಿಂದ ದುಡ್ಡು ಹಾಕಿ ಪುಸ್ತಕ ಮಾಡಿಸಿ, ಹಿರಿಯರ ಹತ್ತಿರ ಮುನ್ನುಡಿ ಬರೆಸಿ, ಬಿಡುಗಡೆಯ ದಿನ ಶಾಲು ಹಾರ ಆಗಿ, ಬಂದವರಿಗೆಲ್ಲ ಗೌರವ ಪ್ರತಿ ಹಂಚಿ, ಮಿಕ್ಕ ಕಟ್ಟುಗಳನ್ನು ಅಟ್ಟದ ಮೇಲೆ ಇಟ್ಟವರು ಬಹಳ. ಆ ಆಸೆಯನ್ನು ಹಗುರವಾಗಿ ಕಾಣುವುದು ನನಗಾಗದು. ಹೆಸರು ಅಚ್ಚಿನಲ್ಲಿ ಕಾಣುವ ಸಂತೋಷ ದೊಡ್ಡದು. ಆತುರ ಬೇಡ ಅಷ್ಟೆ. ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಸಹಾಯಧನ ಕೊಡುತ್ತದೆ, ಛಂದ ಪುಸ್ತಕದಂಥವರು ಹೊಸ ಕತೆಗಾರರ ಹಸ್ತಪ್ರತಿ ಕೇಳಿ ತರಿಸಿಕೊಂಡು ಬಹುಮಾನ ಕೊಟ್ಟು ಅಚ್ಚು ಹಾಕಿದ್ದಾರೆ. ಆ ದಾರಿಗಳನ್ನು ಮೊದಲು ನೋಡಬೇಕು.

ವಯಸ್ಸಾಯಿತು, ಕೆಲಸದ ನಡುವೆ ಎಲ್ಲಿ ಸಾಧ್ಯ ಅನ್ನುವವರಿಗೆ ಹೇಳುವುದಿಷ್ಟು. ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಅವರ ಮೊದಲ ಕಾದಂಬರಿ 'ತುಂಗಭದ್ರಾ' ಬಂದದ್ದು 1963ರಲ್ಲಿ. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗುವಾಗ ಅವರು ನಲವತ್ತು ದಾಟಿದ ಗೃಹಿಣಿ. ಬೆಸಗರಹಳ್ಳಿ ರಾಮಣ್ಣ ಊರ ಡಾಕ್ಟರಾಗಿದ್ದುಕೊಂಡೇ ಕತೆ ಬರೆದರು. ರಷ್ಯಾದ ಚೆಕಾವ್ ಕೂಡ ಡಾಕ್ಟರೇ. ಹಾಸನದಲ್ಲಿ ವಕೀಲಿಕೆ ಮಾಡುತ್ತ ದಶಕಗಳ ಕಾಲ ತಮ್ಮ ಸುತ್ತಲಿನ ಹೆಂಗಸರ ಬಾಳು ಬರೆದ ಬಾನು ಮುಷ್ತಾಕ್ ಅವರ ಕತೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ನಮ್ಮ ಹಳೇ ಕೋಲಾರ ಜಿಲ್ಲೆಯವರೇ ಆದ ಮಾಸ್ತಿ ಮೈಸೂರು ಸರ್ಕಾರದ ಅಧಿಕಾರಿಯಾಗಿ ಊರೂರು ಸುತ್ತುತ್ತಲೇ 1920ರಲ್ಲಿ 'ಕೆಲವು ಸಣ್ಣ ಕತೆಗಳು' ತಂದರು. ಮುಂದೆ 1983ರ ಜ್ಞಾನಪೀಠ ಅವರಿಗೆ ಸಂದಿತು. ಇವರಲ್ಲಿ ಯಾರೂ ಬದುಕನ್ನು ಬದಿಗಿಟ್ಟು ಬರೆಯಲಿಲ್ಲ.

ಎಲ್ಲರೂ ಮಾಸ್ತಿ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ನಮ್ಮ ಸೀಮೆಯ ಬಾಳು ಬರೆಯಲು ಹೊರಗಿನಿಂದ ಯಾರೋ ಬರುತ್ತಾರೆಂದು ಕಾಯುವಂತಿಲ್ಲ. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ತುದಿ ಬಿಳಿಚಿಕೊಂಡವರು, ಬೆಳಗಿನ ಜಾವ ಸೇವಂತಿಗೆ ಮೂಟೆ ಹೊತ್ತು ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್ಟಿಗೆ ಬಂದು ಬೆಲೆ ಕೇಳಿ ಮಾತಾಡದೆ ನಿಂತವರು, ಬೆಂಗಳೂರಿನಲ್ಲಿ ಬಳಸಿಬಿಟ್ಟ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗೆ ಹರಿಸಿದಾಗ ತುಂಬಿದ ಕೆರೆ ನೋಡಿ ಸಂತೋಷಪಡಬೇಕೋ ಬೇಡವೋ ತಿಳಿಯದವರು, ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಸ್ವಾತಂತ್ರ್ಯ ಹೋರಾಟಕ್ಕೆ ಸೇರಿದ ಜನರ ಮೇಲೆ ಪೊಲೀಸರ ಗುಂಡು ಹಾರಿದ್ದನ್ನು ತಾತನ ಬಾಯಲ್ಲಿ ಕೇಳಿದವರು: ಇವರನ್ನೆಲ್ಲ ಬಲ್ಲವರು ಇಲ್ಲಿಯ ಮೇಷ್ಟ್ರು, ಡೇರಿ ಕಾರ್ಯದರ್ಶಿ, ತೋಟದ ಮನೆಯ ಸೊಸೆ. ಅವರಿಗಿಂತ ಚೆನ್ನಾಗಿ ಬಲ್ಲವರು ಇನ್ನೊಬ್ಬರಿಲ್ಲ.

ಹಾಗಾಗಿ ಲಾಂಗ್ ಬುಕ್ ಹಿಡಿದು ಬರುವವರಿಗೆ ನಾನು ಹೇಳುವುದು ಒಂದೇ. ಮುಂದಿನ ಕತೆಯನ್ನು ನಿಮ್ಮ ಹೊಲದ ಬದುವಿನಿಂದ ಶುರು ಮಾಡಿ. ಬರೆದಾದ ಮೇಲೆ ಪತ್ರಿಕೆಗೆ ಕಳಿಸುವ ಮೊದಲು, ಅದು ಯಾರ ಬದುಕಿನಿಂದ ಬಂತೋ ಅವರ ಪಕ್ಕ ಕೂತು ಓದಿ ಹೇಳಿ. ಅವರು ನಡುವೆ ತಡೆದು "ಹಂಗಲ್ಲ ಕಣಪ್ಪ, ಹಿಂಗೆ" ಅಂತ ತಿದ್ದತೊಡಗಿದರೆ ಕತೆ ಜೀವ ಹಿಡಿದಿದೆ ಅಂತಲೇ ಅರ್ಥ. ತಿದ್ದಿದ್ದನ್ನು ಬರೆದುಕೊಳ್ಳಿ. ಬಹುಮಾನ ಬಂದರೂ ಬಾರದಿದ್ದರೂ ನಮ್ಮ ಸೀಮೆಗೆ ಬೇಕಾಗಿರುವುದು ಆ ಕತೆಯೇ.