ಏನೂ ಒತ್ತದಿದ್ರ ಏನಾಗ್ತದ?

ಹೋದ ವಾರ ಸಣ್ಣ ಕಾಕು ಫೋನಿನ್ಯಾಗ ಕೇಳಿದ್ರು, "ದಿನಾ ಆ ಕಂಪ್ಯೂಟರ್ ಮುಂದ ಕೂತು ಏನ್ ಮಾಡ್ತೀಯವಾ? ಒಮ್ಮೆರ ತಿಳಿಯೂ ಹಂಗ ಹೇಳು." ಕಾಕು, ಇದು ನಿಮಗ. ವೈನಿಗೂ ಓದಿ ಹೇಳ್ರಿ.

ಕಂಪ್ಯೂಟರಿನ ಒಳಗ ಕರ್ನಲ್ ಅಂತ ಇರ್ತದ, ಮನಿ ಯಜಮಾನಿ ಇದ್ದಂಗ. ಯಾವ ಕೆಲಸಕ್ಕ ಎಷ್ಟು ಹೊತ್ತು, ಎಷ್ಟು ಜಾಗ, ಎಲ್ಲಾ ಅಕೀನ ಹಂಚೂದು. ಲಿನಕ್ಸ್ ಕರ್ನಲ್ಲಿನ್ಯಾಗ 2009ರಿಂದ ಪರ್ಫ್ ಅಂತ ಒಂದು ಅದ. ಕೆಲಸ ಎಲ್ಲಿ ತಡಾ ಆಗ್ಲಿಕತ್ತದ ಅಂತ ಎಣಿಸಿ ಹೇಳ್ತದ. ಸಾಸಿವಿ ಡಬ್ಬಿ ಒಲಿ ಬಾಜೂಕ ಸಿಕ್ತೋ, ಇಲ್ಲಾ ಅಟ್ಟ ಹತ್ತಬೇಕಾತೋ, ಹತ್ತಿದ್ದು ಎಷ್ಟು ಸಲ, ಇಂಥಾ ಲೆಕ್ಕ. ನನ್ನ ಹೊಟ್ಟಿ ತುಂಬೂದು ಈ ಲೆಕ್ಕದಿಂದನ.

ಆದ್ರ ನೋಡೂದಕ್ಕೂ ಖರ್ಚು ಅದ ನೋಡ್ರಿ. ಘಳಿಗಿ ಘಳಿಗಿಗೆ ಬಂದು "ಏನ್ ಮಾಡ್ಲಿಕತ್ತೀ?" ಅಂತ ಕೇಳಿದ್ರ ರೊಟ್ಟಿ ಬಡಿಯಾಕಿ ಕೈ ನಿಲ್ತದ. ಅದಕ್ಕ ಈ ಕೇಳೂದ್ರಾಗನ ಪ್ರೊಸೆಸರಿನ ಹೊತ್ತು ನೂರಕ್ಕ 25ಕ್ಕಿಂತ ಜಾಸ್ತಿ ಹೋಗ್ಲಿಕತ್ರ, ಕರ್ನಲ್ ತಾನ ಕೇಳೂದನ್ನ ಕಮ್ಮಿ ಮಾಡ್ತದ. ಯಾರೂ ಹೇಳಬೇಕಾಗಿಲ್ಲ. ಹಿಂಗ ಯಾರೂ ಏನೂ ಹೇಳದಿದ್ರ ತಾನ ಆಗೂದಕ್ಕ ನಾವು ಡೀಫಾಲ್ಟ್ ಅಂತೀವಿ. ನಮ್ಮನಿಗೆ ಬಂದು ಸುಮ್ನ ಕೂತವರಿಗೆ ಎರಡು ಚಮಚಾ ಸಕ್ರಿ ಹಾಕಿದ ಚಹಾ ಬರ್ತದಲ್ಲ, ಅದು ಡೀಫಾಲ್ಟ್. ಸಕ್ರಿ ಬ್ಯಾಡಾದವರು ಬಾಯಿಬಿಟ್ಟು ಹೇಳಬೇಕು. ಭಾಳ ಮಂದಿ ಹೇಳಂಗಿಲ್ಲ, ಭಿಡೆ.

ಯಾರು ಯಾರನ್ನ ನೋಡಬಹುದು ಅನ್ನೂದಕ್ಕೂ ಒಂದು ಡೀಫಾಲ್ಟ್ ಅದ. ಅದರ ಹೆಸರು ಪರ್ಫ್ ಇವೆಂಟ್ ಪ್ಯಾರನಾಯ್ಡ್. ಪ್ಯಾರನಾಯ್ಡ್ ಅಂದ್ರ ಸಂಶಯಪಿಶಾಚಿ, ಕರೇನ ಹಂಗ ಹೆಸರಿಟ್ಟಾರ! ಅದರಾಗ ಇರೂದು ಒಂದು ಅಂಕಿ. ಮೈನಸ್ 1 ಇದ್ರ ಎಲ್ಲಾರಿಗೂ ಎಲ್ಲಾ ಬಾಗಿಲಾ ತಗದದ. 1 ಇದ್ರ ನಿಮ್ಮ ಪ್ರೋಗ್ರಾಮು, ಜೊತಿಗೆ ಅದರ ಸಲುವಾಗಿ ಕರ್ನಲ್ ಒಳಗ ನಡಿಯೂದೂ ಕಾಣ್ತದ. 2 ಇದ್ರ ನಿಮ್ಮದು ಅಷ್ಟ, ಯಜಮಾನಿ ದೇವರಮನ್ಯಾಗ ಇಣಕಂಗಿಲ್ಲ. ಮೊದಲು 1 ಇತ್ತು. 2016ರಾಗ 4.6ನೇ ಆವೃತ್ತಿಗೆ 2 ಮಾಡಿದ್ರು. ಡೆಬಿಯನ್ ಮಂದಿಗೆ ಅದೂ ಸಾಲದ, 3 ಅಂತ ತಮ್ಮದ ಒಂದು ಸೇರಿಸಿ ಪೂರಾ ಬಾಗಿಲಾ ಹಾಕಿಬಿಟ್ರು.

ಇಷ್ಟು ಸಂಶಯ ಯಾಕಂದ್ರ, 2013ರಾಗ ಈ ಪರ್ಫ್ ಒಳಗನ ಒಂದು ತೂತು ಸಿಕ್ಕಿತ್ತು. ಅದರಾಗಿಂದ ಹಾದು ಸಾಮಾನ್ಯ ಬಳಕೆದಾರ ಇಡೀ ಮಷೀನಿನ ಒಡೆಯ ಆಗಬಹುದಿತ್ತು. ತೂತು ಇಲ್ಲದಿದ್ರೂ, ಬರೇ ಎಣಿಕಿಯಿಂದನ ಮಂದಿ ಗುಟ್ಟು ತಿಳೀತದ. ಬಾಜೂಮನಿ ಕುಕ್ಕರಿನ ಸೀಟಿ ಎಣಿಸಿ ಅವರ ಮನಿಗೆ ಬೀಗರು ಬಂದಾರ ಅಂತ ನಾವು ಹೇಳಂಗಿಲ್ಲೇನು?

ಇದೆಲ್ಲಾ ಗೊತ್ತಿದ್ರೂ ನಾ ಆ 2 ಕಂಡ್ರ ಸಿಟ್ಟಿಗೇಳತಿದ್ದೆ. ನನ್ನ ಕೆಲಸಕ್ಕ ಅಡ್ಡ. ಹೊಸಾ ಮಷೀನ್ ಬಂದ್ರ ಮೊದಲು ಬರಿಯೂದು ಮೈನಸ್ 1. ಸ್ಕ್ರಿಪ್ಟಿನ್ಯಾಗನ ಬರದಿಟ್ಟಿದ್ದೆ.

ಹೋದ ವರ್ಷ ಅವ್ವ ಬಚ್ಚಲದಾಗ ಜಾರಿ ಬಿದ್ದಳಲ್ಲ. ಧಾರವಾಡದ ಮನ್ಯಾಗ ಒಬ್ಬಾಕೀನ ಇರೂದು. ನಾ ಬೆಂಗಳೂರಿಂದ ಹೋಗಿ ಪಡಸಾಲ್ಯಾಗ ಒಂದು, ಅಡಗಿಮನ್ಯಾಗ ಒಂದು ಕ್ಯಾಮೆರಾ ಹಚ್ಚಿ, ನಾಕೂ ಮಕ್ಕಳ ಫೋನಿಗೆ ಜೋಡಿಸಿ ಬಂದೆ. ಡಬ್ಬಿಯೊಳಗಿಂದ ಹೆಂಗ ಬಂದಿತ್ತೋ ಹಂಗ ಬಿಟ್ಟೆ: ಹಗಲೂ ರಾತ್ರಿ ಚಾಲೂ, ಧ್ವನೀನೂ ಚಾಲೂ. ಎರಡು ತಿಂಗಳಾದ ಮ್ಯಾಲೆ ಲಕ್ಷಕ್ಕ ಬಂತು, ಅವ್ವ ಅಡಗಿ ಮಾಡೂ ಮುಂದ ಹಾಡೂದು ಬಿಟ್ಟಾಳ. ಬಾಜೂಮನಿಯವರು ಬಂದ್ರ ಹಿತ್ತಲಕ್ಕ ಕರಕೊಂಡು ಹೋಗ್ತಾಳ. ಊರಿಗೆ ಹೋದಾಗ ಕೇಳಿದೆ. ಅಕಿ ಅಂದ್ಳು, "ನಾ ಏನೂ ಒತ್ತದ ಸುಮ್ನ ಇದ್ರ ಅದು ನೋಡ್ಕೋತ ಇರ್ತದೋ, ಕಣ್ಣು ಮುಚ್ಚಿರ್ತದೋ?"

"ನೋಡ್ಕೋತ ಇರ್ತದವ್ವಾ."

"ಹಂಗಿದ್ರ ನನ್ನ ಯಾರು ಕೇಳಿದ್ರಿ?"

ಹದಿನಾಲ್ಕು ವರ್ಷದ ನನ್ನ ಕೆಲಸದಾಗ ಈ ಪ್ರಶ್ನೆ ಇಷ್ಟು ನೆಟ್ಟಗ ಯಾರೂ ಕೇಳಿದ್ದಿಲ್ಲ. ಅಡಗಿಮನಿದು ಅವತ್ತ ತಗದೆ. ಪಡಸಾಲೀದಕ್ಕ ಗ್ವಾಡಿ ಮ್ಯಾಲೆ ಒಂದು ಗುಂಡಿ ಹಚ್ಚಿಸೀನಿ, ಅವ್ವ ಒತ್ತಿದ್ರ ಮಾತ್ರ ಚಾಲೂ. ಮತ್ತ ಬಿದ್ರ ಹೆಂಗ ಅಂತ ಅಣ್ಣ ಇನ್ನೂ ಜಗಳಾಡ್ತಾನ. ಅವನ ಹೆದರಿಕಿ ಸುಳ್ಳಲ್ಲ, ನನಗೂ ರಾತ್ರಿ ನಿದ್ದಿ ಹತ್ತಂಗಿಲ್ಲ. ಬಾಜೂಮನಿ ವೈನಿ ಕೈಯಾಗ ಮುಂಬಾಗಿಲದ್ದು ಒಂದ ಕೀಲಿ ಕೊಟ್ಟೀವಿ.

ಕರ್ನಲ್ಲಿನ್ಯಾಗೂ ಈ ಒಂಟಿ ಕೀಲಿ ಬರಲಿಕ್ಕೆ 2020 ಆಗಬೇಕಾತು, 5.8ನೇ ಆವೃತ್ತಿ. ಅಲ್ಲಿತನಕಾ ಯಾರಿಗರೆ ಪೂರಾ ನೋಡಲಿಕ್ಕೆ ಬಿಡಬೇಕಂದ್ರ ಒಂದೋ ಬಾಗಿಲಾ ಎಲ್ಲಾರಿಗೂ ತಗೀಬೇಕಿತ್ತು, ಇಲ್ಲಾ ಸೊಂಟದ ಕೀಲಿಗೊಂಚಲನ ಬಿಚ್ಚಿ ಕೊಡಬೇಕಿತ್ತು.

ಮೊನ್ನೆ ಆಫೀಸಿಗೆ ಹೊಸಾ ಮಷೀನ್ ಬಂತು. ಸ್ಕ್ರಿಪ್ಟಿನಿಂದ ಮೈನಸ್ 1ರ ಸಾಲು ಅಳಿಸಿದೆ. ಅರ್ಧಾ ತಾಸಿನ್ಯಾಗ ಒಬ್ಬ ಹುಡುಗ ಬಂದ, "ಮೇಡಂ, ಪರ್ಫ್ ನಡೀವಲ್ದು."

"ಯಾವುದನ್ನ ನೋಡಬೇಕು ಹೇಳು, ಅಷ್ಟಕ್ಕ ಕೀಲಿ ಕೊಡ್ತೀನಿ" ಅಂದೆ. ಮಾರಿ ಸಣ್ಣದು ಮಾಡಿಕೊಂಡು ಹೋದ.